ದಾಸವಾಳದ ಮರೆ

ಕಾಫಿ ಲೋಟ ಹಿಡಿದು ಅಡುಗೆಮನೆಯ ಕಿಟಕಿಗೆ ಒರಗಿ ನಿಲ್ಲದೆ ಆ ಎಕ್ಸ್‌ರೇ ತಂತ್ರಜ್ಞನಿಗೆ ಬೆಳಗಾಗುತ್ತಿರಲಿಲ್ಲ. ಹಿತ್ತಿಲಲ್ಲಿ ಅವನು ನೀರಿಟ್ಟ ಮಣ್ಣಿನ ತಟ್ಟೆಗೆ ಗುಬ್ಬಿ, ಮೈನಾ, ಪಿಕಳಾರಗಳು ಬರುತ್ತಿದ್ದವು. ಆಸ್ಪತ್ರೆಯಲ್ಲಿ ಕೈ ಮುರಿದುಕೊಂಡು ಬಂದವರಿಗೂ ಫೋನು ಚಾಚಿ, "ನಮ್ಮನೆ ಹಕ್ಕಿ ನೋಡಿ" ಎನ್ನುತ್ತಿದ್ದ. ಜೊತೆಯವರು ಅವನಿಗೆ ಹಕ್ಕಿರಾಯ ಎಂದೇ ಹೆಸರಿಟ್ಟಿದ್ದರು. ಹಾಗೆ ಕರೆದಾಗಲೆಲ್ಲ ಅವನು ಒಂದು ಗೇಣು ಎತ್ತರವಾಗುತ್ತಿದ್ದ.

ಆ ಸಲ ದಾಸವಾಳದ ಗಿಡದಲ್ಲಿ ಪಿಕಳಾರದ ಜೋಡಿ ಗೂಡು ಕಟ್ಟಿ ಮರಿ ಮಾಡಿತು. ಭಾನುವಾರ ನೋಡಲು ಬನ್ನಿ ಎಂದು ಹಕ್ಕಿರಾಯ ಆಸ್ಪತ್ರೆಗೆಲ್ಲ ಡಂಗುರ ಹೊಡೆದ. ಆದರೆ ಎಲೆಗಳ ಮರೆಯಿಂದ ಫೋಟೋ ಸರಿಯಾಗಿ ಬರಲೊಲ್ಲದು. ಶನಿವಾರ ಬೆಳಿಗ್ಗೆ ಕತ್ತರಿ ತಂದು ಅಡ್ಡವಿದ್ದ ರೆಂಬೆಗಳನ್ನು ಕತ್ತರಿಸಿಯೇಬಿಟ್ಟ.

ಬಟ್ಟೆ ಒಣಹಾಕಲು ಬಂದ ಹೆಂಡತಿ ಅಲ್ಲೇ ನಿಂತಳು. "ಏನ್ರೀ ಇದು? ಅದರ ಮನೆ ಗೋಡೆನೇ ಕೆಡವಿದ್ರಲ್ಲ!"

"ನಾಲ್ಕು ಎಲೆ ಹೋದ್ರೆ ಆಕಾಶ ಕಳಚಿ ಬೀಳುತ್ತಾ? ಗೂಡಿಗೆ ಕೈ ಹಾಕಿಲ್ವಲ್ಲ. ನೋಡಿದೋರಿಗೂ ಹಕ್ಕಿ ಮೇಲೆ ಪ್ರೀತಿ ಹುಟ್ಟುತ್ತೆ."

"ಪ್ರೀತಿ ಅವರಿಗೆ ಹುಟ್ಟುತ್ತೆ, ಬಿಸಿಲು ಮರಿಗಳಿಗೆ ಬೀಳುತ್ತೆ" ಎಂದು ಅವಳು ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ಗೂಡಿನ ಮೇಲೆ ಬಿಸಿಲು ಸುರಿಯುತ್ತಿತ್ತು. ತಾಯಿಹಕ್ಕಿ ಗೂಡಿನ ಅಂಚಿನಲ್ಲಿ ನಿಂತು, ಎರಡೂ ರೆಕ್ಕೆ ಬಿಡಿಸಿ, ಮರಿಗಳಿಗೆ ನೆರಳು ಹಿಡಿದಿತ್ತು. ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಮೇವಿಗೆ ಹೋಗುವಂತಿಲ್ಲ, ಕಾಂಪೌಂಡಿನ ಮೇಲೆ ಕಾಗೆಯೊಂದು ಕತ್ತು ಕೊಂಕಿಸಿ ಕೂತಿತ್ತು. ಹಕ್ಕಿರಾಯ ಊಟದ ತಟ್ಟೆ ಕೆಳಗಿಟ್ಟ.

"ಆ ಹಳೇ ಹಸಿರು ಪರದೆ ಎಲ್ಲಿದೆ?" ಎಂದ.

ಹೆಂಡತಿ ಪರದೆಯ ಜೊತೆಗೆ ದಾರವನ್ನೂ ತಂದಳು. ಇಬ್ಬರೂ ಕಾಗೆಯನ್ನು ಓಡಿಸಿ, ಗಿಡದ ಆಚೀಚೆ ಎರಡು ಕೋಲು ನೆಟ್ಟು, ಗೂಡಿಗೆ ನೆರಳು ಬೀಳುವಂತೆ ಪರದೆ ಕಟ್ಟಿದರು. ಹೆದರಿದ ತಾಯಿ ಹಾರಿಹೋಗಿತ್ತು. ಅವರು ಒಳಗೆ ಬಂದು ಕಾದರು. ಎಷ್ಟು ಹೊತ್ತಾದರೂ ಅದರ ಸುಳಿವಿಲ್ಲ. "ನಾನೇ ಕೊಂದೆ ಕಣೇ" ಎಂದ ಅವನು. ಆಗ ಹೆಂಡತಿ ಅವನ ತೋಳು ಜಗ್ಗಿದಳು. ಕೊಕ್ಕಿನಲ್ಲಿ ಹಸಿರು ಹುಳು ಕಚ್ಚಿಕೊಂಡು ತಾಯಿ ಪರದೆಯ ಕೆಳಗೆ ನುಸುಳುತ್ತಿತ್ತು.

ಭಾನುವಾರ ಜೊತೆಯವರನ್ನು ಕರೆದುಕೊಂಡು ಆಸ್ಪತ್ರೆಯ ದೊಡ್ಡ ಡಾಕ್ಟರೇ ಬಂದರು, ಕೊರಳಲ್ಲಿ ಮೊಳದುದ್ದದ ಕ್ಯಾಮೆರಾ.

"ಹಿತ್ತಿಲಿಗೆ ಹೋಗಬೇಡಿ ಸಾರ್. ಒಳಗೆ ಬನ್ನಿ, ಕಾಫಿ ಕುಡಿಯೋಣ."

"ಅಲ್ಲಯ್ಯಾ, ನೀನೇ ಕರೆದು ನೀನೇ ಬಾಗಿಲು ಹಾಕ್ತೀಯಲ್ಲ! ನಾವೇನು ಹಕ್ಕಿ ತಿಂತೀವಾ?"

"ತಪ್ಪು ನಂದೇ ಸಾರ್. ನೀವು ಬರ್ತೀರಿ ಅಂತ ರೆಂಬೆ ಕಡಿದೆ. ನಿನ್ನೆ ಮರಿಗಳ ಜೀವ ಹೋಗೋದ್ರಲ್ಲಿತ್ತು."

ಡಾಕ್ಟರ ಮುಖ ಬಿಗಿಯಿತು. ಆಮೇಲೆ ಅವರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದರು. "ನಾನು ಐಸಿಯು ಬಾಗಿಲಲ್ಲಿ ನೋಡೋಕೆ ಬಂದೋರಿಗೆ ದಿನಾ ಹೇಳೋ ಮಾತನ್ನ ನಂಗೇ ಹೇಳ್ತೀಯಲ್ಲಯ್ಯಾ! ಸರಿ, ಕಾಫಿನಾದ್ರೂ ಗಟ್ಟಿಯಾಗಿರ್ಲಿ."

ಮುಂದಿನ ವಾರ ಮರಿಗಳು ಒಂದೊಂದಾಗಿ ಕಾಂಪೌಂಡಿಗೆ, ಕಾಂಪೌಂಡಿನಿಂದ ಪಕ್ಕದ ಮನೆಯ ಸೂರಿಗೆ ಹಾರಿದವು. ಗಂಡ ಹೆಂಡತಿ ಕಿಟಕಿಯ ಹಿಂದೆ ಮಗಳನ್ನು ಕಳಿಸಿಕೊಡುವ ಮದುವೆಮನೆಯವರಂತೆ ಕಣ್ಣೊರೆಸಿಕೊಂಡರು.

"ಏನು ಹಕ್ಕಿರಾಯ, ಮರಿಗಳ ಫೋಟೋ ತೋರ್ಸಪ್ಪಾ" ಎಂದು ಆಸ್ಪತ್ರೆಯಲ್ಲಿ ಯಾರೋ ಕೇಳಿದರು.

"ಫೋಟೋ ಇಲ್ಲ" ಎಂದು ಅವನು ಎದೆಯುಬ್ಬಿಸಿ ಹೇಳಿದ. "ಎಲ್ಲವೂ ಹಾರಿದ್ವು."