ಸುರಪುರದಲ್ಲಿ ಜವಳಿ ತೆಗೆದ ದಿನ

ಬಸ್ಸಿನಿಂದಿಳಿದ ಗೊಲ್ಲಾಳಮ್ಮ ಇನ್ನೂ ಸೆರಗು ಸರಿಮಾಡಿಕೊಂಡಿರಲಿಲ್ಲ, ಅಷ್ಟರಲ್ಲೇ ಚುಚ್ಚುಮಾತು ಕಿವಿಗೆ ಬಿತ್ತು.

"ಇವರೇನು ಹೆಣ್ಣು ಕೊಡಾಕ ಬಂದಾರೋ, ಸಂತಿ ಮಾಡಾಕ ಬಂದಾರೋ? ಕೈ ತುಂಬ ಚೀಲಾನಽ!"

ಅಂದವಳು ಮಲ್ಲಿಕಮ್ಮ. ಗಂಡಿನ ಅಣ್ಣನ ಹೆಂಡತಿಯಂತೆ. ಆ ಅಣ್ಣ ಪುಣೆಗೆ ದುಡಿಯಲು ಹೋಗಿದ್ದಾನಂತೆ. ಅಂದರೆ ನಾಳೆ ಗೊಲ್ಲಾಳಮ್ಮನ ಮಗಳಿಗೆ ವಾರಗಿತ್ತಿಯಾಗಿ ಬಂದು ಕೂಡುವವಳು. ವಾರಗಿತ್ತಿಯರು ಎಂದಾದರೂ ನೆಟ್ಟಗೆ ಬಾಳಿದ್ದುಂಟೇ? ಚೀಲದಲ್ಲಿದ್ದದ್ದು ಇವರಿಗೆಂದೇ ಕಟ್ಟಿತಂದ ಬುತ್ತಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಗೊಲ್ಲಾಳಮ್ಮ ತುಟಿ ಕಚ್ಚಿಕೊಂಡು ನಕ್ಕಳು.

ನಗದೆ ಏನು ಮಾಡಿಯಾಳು? ಈ ಸಂಬಂಧ ಆಕೆಗೆ ಬೇಕೇ ಬೇಕಿತ್ತು. ಮುದನಾಳದ ಕಡೆಯ ಅವಳ ಹೊಲ ಎತ್ತರದ್ದು. ಕಾಲುವೆ ಬಂತು, ಕಾಲುವೆ ಬಂತು ಎಂದು ನಾಡೆಲ್ಲ ಕುಣಿದರೂ ನೀರು ಅಲ್ಲಿಗೆ ಹತ್ತಲಿಲ್ಲ. ಮಗಳು ಹಣಮಂತಮ್ಮನ ನೆತ್ತಿಯ ಕೂದಲು ಕೊಡ ಹೊತ್ತೂ ಹೊತ್ತೂ ಸವೆದಿದ್ದವು. ಗಂಡಿನವರದೋ ದೇವಾಪುರದ ಆಚೆ ಕಾಲುವೆ ಕೆಳಗಿನ ಗದ್ದೆ. ಬಾಗಿಲು ತೆಗೆದರೆ ನೀರು. ಮಗಳು ಆ ಮನೆ ಸೇರುವುದಾದರೆ ಇಂಥ ನೂರು ಮಾತು ನುಂಗಲು ತಾಯಿ ತಯಾರಿದ್ದಳು.

ಜವಳಿಯೆಂದರೆ ಗೊತ್ತಲ್ಲ, ಎರಡೂ ಕಡೆಯ ಹಿರಿಯರು ಕೂಡಿ ಮದುವೆಯ ಬಟ್ಟೆ ತೆಗೆಯುವುದು. ಹೆಣ್ಣಿನ ಕಡೆಯಿಂದ ಗೊಲ್ಲಾಳಮ್ಮ, ಅವಳ ಅಣ್ಣ ತಾಯಪ್ಪ. ಗಂಡಿನ ಕಡೆಯಿಂದ ಅವನ ತಾಯಿ ಬಸ್ಸಮ್ಮ, ಜೊತೆಗೆ ಈ ಮೂಗಿನ ತುದಿಯ ಸಿಟ್ಟಿನವಳು. ಸುಲ್ತಾನಸಾಬನ ಅಂಗಡಿಯಲ್ಲಿ ಬಸ್ಸಮ್ಮ ಗಾದಿಯ ಮೇಲೆ ಕೂತವಳೇ ಮದುಮಗಳ ಸೀರೆ ಕೇಳಲಿಲ್ಲ. ಒಂದು ಹಸಿರು ಇಳಕಲ್ ಸೀರೆ ತೆಗೆಸಿ, ಮಲ್ಲಿಕಮ್ಮನ ಹಣೆಗೆ ಕುಂಕುಮ ಹಚ್ಚಿ ಉಡಿಗೆ ಹಾಕಿದಳು.

"ಮನ್ಯಾಗ ಇದ್ದಾಕಿಗಿ ಮೊದಲ. ಸಮಾಧಾನದಿಂದ ತಗೋ, ತಂಗಿ."

ಮಲ್ಲಿಕಮ್ಮ ಎದ್ದು ನಿಂತಳು. ಸೀರೆ ಜಾರಿ ನೆಲಕ್ಕೆ ಬಿತ್ತು.

ಅಬ್ಬಬ್ಬಾ, ಏನು ಸೊಕ್ಕು! ಗೊಲ್ಲಾಳಮ್ಮನಾಗಿದ್ದರೆ ಅಂಥ ಸೊಸೆಗೆ ಅಲ್ಲೇ ಕಪಾಳಕ್ಕೆ ಎರಡು ಬಿಗಿಯುತ್ತಿದ್ದಳು. ಆದರೆ ಬಸ್ಸಮ್ಮ ತಾನೇ ಬಾಗಿ ಸೀರೆ ಎತ್ತಿ ಮತ್ತೆ ಉಡಿಗೆ ಹಾಕಿದಳು. "ಕೈ ಮುಗೀತೇನಿ, ಒಲ್ಲೆ ಅನಬ್ಯಾಡ" ಎಂದಳು. ಸೊಸೆಗೆ ಕೈಮುಗಿಯುವ ಅತ್ತೆಯನ್ನು ಗೊಲ್ಲಾಳಮ್ಮ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಅಷ್ಟರಲ್ಲಿ ರಾಹುಕಾಲ ಬಂತು. ಅದು ಕಳೆಯುವ ತನಕ ಮದುಮಗಳ ಸೀರೆ ಮುಟ್ಟುವಂತಿಲ್ಲ. "ನಡೀರಿ, ಅರಸರ ಊರು ನೋಡಿ ಬರೂಣು" ಎಂದಳು ಬಸ್ಸಮ್ಮ. ತಾಯಪ್ಪ ಬೀಡಿ ಹಚ್ಚಿಕೊಂಡು ಅಂಗಡಿಯಲ್ಲೇ ಉಳಿದ. ಸುರಪುರದ ಓಣಿಗಳೆಲ್ಲ ಏರು, ಎತ್ತ ತಿರುಗಿದರೂ ಗುಡ್ಡ. ದಾರಿಯ ಗುಡಿಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರು. ಮಲ್ಲಿಕಮ್ಮ ರೊಟ್ಟಿ ಮುರಿದು ನೋಡಿ ಹಾಗೇ ಇಟ್ಟಳು.

"ಇದನ್ನ ತಿನ್ನಾಕ ನಾ ಎಮ್ಮಿ ಏನು? ತಾಯಿ ಕೈ ಹಿಂಗದ, ಮಗಳದು ಹೆಂಗಿದ್ದೀತು!"

ಗೊಲ್ಲಾಳಮ್ಮ ಬುತ್ತಿಯ ಗಂಟು ಬಿಗಿದು ಕಟ್ಟಿದಳು. ಬಸ್ಸಮ್ಮ ಮೊಣಕಾಲು ನೋವೆಂದು ಕಟ್ಟೆಯಲ್ಲೇ ಕೂತಳು. "ನೀನೂ ಇಲ್ಲೇ ಕೂಡು" ಎಂದರೂ ಕೇಳದೆ ಮಲ್ಲಿಕಮ್ಮ ಸರಸರ ಗುಡ್ಡ ಹತ್ತಿದಳು. ಇವಳಿಗೆ ಇಂದು ಬುದ್ಧಿ ಹೇಳಿಯೇ ತೀರುತ್ತೇನೆಂದು ಗೊಲ್ಲಾಳಮ್ಮ ಬೆನ್ನು ಹತ್ತಿದಳು. ತುದಿಯ ಪಾಳುಗೋಡೆಯ ಹತ್ತಿರ ಸಿಕ್ಕಳು.

"ಯಾಕವ್ವಾ, ನನ್ನ ಮಗಳು ನಿನಗೇನು ಮಾಡ್ಯಾಳ? ವಾರಗಿತ್ತಿ ಬರ್ತಾಳಂದ್ರ ಇಷ್ಟ್ ಹೊಟ್ಟಿಕಿಚ್ಚೇನು?"

"ವಾರಗಿತ್ತಿ ಅಲ್ಲ, ಸವತಿ." ಮಲ್ಲಿಕಮ್ಮ ತಿರುಗಿ ನಿಂತಳು. "ಆ ಮನ್ಯಾಗ ಅಣ್ಣನೂ ಇಲ್ಲ, ಪುಣೇನೂ ಇಲ್ಲ. ನಿಮ್ಮ ಅಳಿಯ ಆಗಾಂವ ನನ್ನ ಗಂಡ. ನನಗ ಮಕ್ಕಳಾಗಲಿಲ್ಲ, ಅದಕ್ಕ ನಿನ್ನ ಮಗಳನ್ನ ತರಾಕತ್ತಾರ."

ಗೊಲ್ಲಾಳಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಮತ್ತ ನಿಮ್ಮತ್ತಿ ನಿನ್ನ ಯಾಕ ಕರಕೊಂಡು ಬಂದ್ಲು?"

"ಮೊದಲಿನಾಕಿ ಅದಽ ಜವಳ್ಯಾಗ ತನ್ನ ಕೈಲೆ ಸೀರಿ ಇಸಕೊಂಡು ಹೂಂ ಅನಬೇಕು. ಇಲ್ಲಂದ್ರ ಎರಡನೇದಾಕಿ ಹೊಟ್ಟಿನೂ ತೆರೆಯಂಗಿಲ್ಲ ಅಂತ ನಮ್ಮ ಮನಿತನದ ನಂಬಿಗಿ. ಅತ್ತಿ ಅಂಜೂದು ನನ್ನ ಬಾಯಿಗಲ್ಲ, ನನ್ನ ಶಾಪಕ್ಕ. ಊರಾಗ ಆಕಿ ನನ್ನ ಬೆನ್ನು ಬಿಡಂಗಿಲ್ಲ, ನಿಮಗ ಸುದ್ದಿ ಮುಟ್ಟಸಾಕ ಆಗಲಿಲ್ಲ. ಬಯ್ದು ಈ ಸಂಬಂಧ ಮುರೀಬೇಕಂತ ನೋಡಿದೆ, ನೀ ಎಲ್ಲಾ ನುಂಗಿದಿ."

ಕೆಳಗೆ ದೂರದಲ್ಲಿ ಕಾಲುವೆ ಹೊಳೆಯುತ್ತಿತ್ತು, ಅದರ ಮಗ್ಗುಲಿಗೆ ಹಸಿರೇ ಹಸಿರು. ಗೊಲ್ಲಾಳಮ್ಮ ಆ ಹಸಿರಿನ ಕಡೆ ನೋಡಿದಳು. ಎರಡನೆಯವಳಾದರೇನಾಯಿತು, ಕೊಡ ಹೊರುವುದು ತಪ್ಪೀತಲ್ಲ ಎಂದು ಅವಳ ಮನಸ್ಸೇ ಅಂದಿತು. ಥೂ, ಹಾಳು ಮನಸ್ಸೇ! ಆದರೆ ಅಂದದ್ದು ನಿಜ.

ಮಲ್ಲಿಕಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. "ನೋಡು, ಚೆಂದಗ ನೋಡು. ನಮ್ಮವ್ವನೂ ಈ ಗದ್ದಿ ನೋಡೇ ನನ್ನ ಕೊಟ್ಟಾಳ."

ಗೊಲ್ಲಾಳಮ್ಮನಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಕೈ ಹಿಡಿಯಲು ಹೋದಳು, ಮಲ್ಲಿಕಮ್ಮ ಕೊಸರಿಕೊಂಡಳು.

"ಬಿಡು. ನಿನ್ನ ಮಗಳ ಮ್ಯಾಲಿನ ಕನಿಕರಕ್ಕ ಹೇಳಿಲ್ಲ. ಬಂದಿದ್ರ ಆಕಿ ಕುತಿಗಿ ಹಿಚುಕತಿದ್ದೆ. ನನ್ನ ಮನಿ ಉಳಸ್ಕೊಳ್ಳಾಕ ಹೇಳೀನಿ."

ಗೊಲ್ಲಾಳಮ್ಮ ದಡದಡ ಇಳಿದು ಬಂದು ಕಟ್ಟೆಯ ಮುಂದೆ ನಿಂತಳು. "ಯಾಕ ಮುಚ್ಚಿಟ್ಟಿರಿ, ಬೀಗತಿ?"

ಬಸ್ಸಮ್ಮ ಹಿಂದೆಯೇ ಇಳಿದು ಬಂದ ಸೊಸೆಯ ಕಡೆ ಒಂದು ಸಲ ನೋಡಿದಳು, ಎಲ್ಲ ತಿಳಿಯಿತು. ಮುಖ ಕೆಂಪಗಾದರೂ ದನಿ ಅಳುಕಲಿಲ್ಲ. "ಹೇಳಿದ್ರ ಯಾರ್ ಕೊಡ್ತಿದ್ರು? ಆದ್ರೇನಾತು, ನಿಮ್ಮ ಮಗಳು ರಾಣಿ ಹಂಗ ಇರ್ತಾಳ. ಆ ಬಂಜೀದೇನು, ಮೂಲ್ಯಾಗ ಬಿದ್ದಿರತದ."

"ನನ್ನ ಮಗಳು ಕೊಡ ಹೊತ್ತುಕೊಂಡೇ ಸಾಯ್ಲಿ. ನಿನ್ನ ಮನಿ ಹೊಸ್ತಿಲಾ ಮೆಟ್ಟಂಗಿಲ್ಲ" ಎಂದಳು ಗೊಲ್ಲಾಳಮ್ಮ. ಅಣ್ಣನನ್ನು ಕರೆಯಲು ಅಂಗಡಿಯ ಕಡೆ ಇಳಿದಳು. ಹಿಂದಿನಿಂದ ಬಸ್ಸಮ್ಮ ಓಣಿ ಕೇಳುವಂತೆ ಒದರುತ್ತಿದ್ದಳು.

"ಹೋಗ, ಹೋಗ! ಗಂಡಸುಮಗನ್ನ ಹಡದೀನಿ, ನನಗೇನು ಹೆಣ್ಣಿನ ಬರ ಬಂದಿಲ್ಲ! ಬರೋ ತಿಂಗಳಾ ಮತ್ತ ಜವಳಿ ತಗೀತೇನಿ!"

"ತಗೀ, ಅತ್ತಿ" ಎಂದಳು ಮಲ್ಲಿಕಮ್ಮ. "ನನ್ನ ಬಿಟ್ಟು ತಗ್ಯಾಕ ಬರಂಗಿಲ್ಲ. ಬಂದ ತಾಯಿಗೆಲ್ಲಾ ನಾ ಹೇಳ್ತೇನಿ."