ಅಂಚೆ ಡಬ್ಬಿಗೆ ಎತ್ತಿದ ಬೆರಳು

"ನಿಮ್ಮಪ್ಪ ಡಾಕ್ಟರ್ ಮಾತು ಕಿವಿಗೇ ಹಾಕ್ಕೊಳ್ತಿಲ್ಲ. ಇವತ್ತು ನೀನಾದ್ರೂ ಹೇಳು, ರೋವೀನಾ," ಎಂದು ಅಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದಳು. ಅಪ್ಪನ ಕಣ್ಣು ಮಂಜಾಗಿತ್ತು. ಇನ್ನು ಕಾರು ಓಡಿಸುವಂತಿರಲಿಲ್ಲ. ನಾನು ಮೆಲ್ಬರ್ನಿನಿಂದ ನಾಲ್ಕು ಗಂಟೆ ಪ್ರಯಾಣ ಮಾಡಿ ಬಂದದ್ದೇ ಆ ಮಾತು ಹೇಳಲು.

ಭಾನುವಾರದ ರೂಢಿಯಂತೆ ಅಪ್ಪ ತನ್ನ ಹಳೆಯ ಮೊನಾರೊ ಕಾರನ್ನು ಶೆಡ್ಡಿನಿಂದ ತೆಗೆದ. ನಾನು ಪಕ್ಕದಲ್ಲಿ ಕೂತೆ. ಈ ಕಾರು ನನಗಿಂತ ಹಿರಿಯದು. ಎಂಜಿನ್ ರೇಸಿನದು, ಸೀಟು ಸೋಫಾದಂಥದು. ದಿನವಿಡೀ ಹೋದರೂ ಬೆನ್ನು ನೋಯುವುದಿಲ್ಲ. ಕೊಯ್ಲು ಮುಗಿದ ಗೋಧಿ ಬಯಲಿನ ನಡುವೆ ರಸ್ತೆ ನೆಟ್ಟಗಿತ್ತು. ನಾವಿಬ್ಬರೂ ನನ್ನ ಚಿಕ್ಕಂದಿನಿಂದ ಈ ಎಂಜಿನ್ನಿನ ಗುಡುಗಿನೊಳಗೆ ಮಾತಿಲ್ಲದೆ ಕೂತವರು. ಈಗಲೂ ಮಾತು ಬಾಯಿಗೆ ಬರಲಿಲ್ಲ.

ಎದುರಿಗೆ ಪಿಕಪ್ ಒಂದು ಬಂತು. ಅಪ್ಪ ಸ್ಟೀರಿಂಗ್ ಮೇಲಿಂದ ತೋರುಬೆರಳು ಎತ್ತಿದ. ಆ ಕಡೆಯವನೂ ಎತ್ತಿದ. ನಮ್ಮ ಕಡೆ ಎದುರು ಬಂದವರಿಗೆ ನಮಸ್ಕಾರವೆಂದು ಬೆರಳೆತ್ತದಿದ್ದರೆ, ಮರುದಿನ ಅಂಗಡಿಯಲ್ಲಿ "ಏನಪ್ಪಾ, ಕೋಪವಾ?" ಎಂದು ಕೇಳುತ್ತಾರೆ.

ನೆರೆಯ ರೈತ ಬಾರ್ನಿಯ ಗೇಟು ದಾಟುವಾಗ ಅಪ್ಪ ಮತ್ತೆ ಬೆರಳೆತ್ತಿದ.

"ನೋಡು ಆ ಬಾರ್ನಿ ಮುದುಕನ್ನ. ನಿಂತ್ಕೊಂಡು ದಿಟ್ಟಿಸ್ತಾನೆ, ಬೆರಳೆತ್ತೋಕೆ ಸೋಮಾರಿತನ!"

ಅಲ್ಲಿದ್ದದ್ದು ಕಂಬದ ಮೇಲೆ ಕೂರಿಸಿದ ಕೆಂಪು ಎಣ್ಣೆ ಡ್ರಮ್ಮು.

"ಅಪ್ಪಾ... ಅದು ಬಾರ್ನಿಯ ಅಂಚೆ ಡಬ್ಬಿ."

ಅಪ್ಪ ಇನ್ನೊಂದು ಮೈಲಿ ಓಡಿಸಿದ. ಆಮೇಲೆ ಕಾರನ್ನು ಜಲ್ಲಿಯಂಚಿಗೆ ಇಳಿಸಿ ನಿಲ್ಲಿಸಿದ. ಉದ್ದನೆಯ ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಸುತ್ತಿ ಬಂದು ನನ್ನ ಬಾಗಿಲು ತೆರೆದ.

"ಇಳಿ. ಆ ಕಡೆ ಹೋಗು."

ನಾನು ಹೋಗಿ ಸ್ಟೀರಿಂಗ್ ಹಿಂದೆ ಕೂತೆ.

"ಕಾಲು ಮೆಲ್ಲಗಿಡು. ಇದು ನಿನ್ನ ಸಿಟಿ ಕಾರಿನ ಥರ ಪ್ಲಾಸ್ಟಿಕ್ ಡಬ್ಬ ಅಲ್ಲ."

"ನನ್ನ ಡಬ್ಬ ಇಷ್ಟೊಂದು ಪೆಟ್ರೋಲ್ ಕುಡಿಯಲ್ಲ."

"ಕುಡಿಯೋಕೂ ತಾಕತ್ತು ಬೇಕಮ್ಮಾ."

ಕಾರನ್ನು ಮನೆಯ ಕಡೆ ತಿರುಗಿಸಿದೆ. ದೂರದಲ್ಲಿ ಏನೋ ಹೊಳೆಯಿತು.

"ಏನಾದ್ರೂ ಬರ್ತಿದ್ಯಾ?" ಅಪ್ಪ ಕೇಳಿದ.

"ಹಸಿರು ಲಾರಿ."

"ಬೆರಳು ಮರೀಬೇಡ."

ಎತ್ತಿದೆ. ಲಾರಿ ಹಾದುಹೋಯಿತು.

"ಅವನು ಎತ್ತಿದ್ನಾ?"

"ಎತ್ತಿದ."

ಅಪ್ಪ ಸೀಟಿಗೆ ಒರಗಿ ಕಣ್ಣು ಮುಚ್ಚಿದ.

ಶೆಡ್ಡಿನಲ್ಲಿ ಎಂಜಿನ್ ನಿಲ್ಲಿಸಿ ಕೀಲಿಕೈಯನ್ನು ಅಪ್ಪನತ್ತ ಹಿಡಿದೆ. ಅವನು ಅದನ್ನು ಮುಟ್ಟಲಿಲ್ಲ.

"ಮುಂದಿನ ಭಾನುವಾರ ಎಷ್ಟೊತ್ತಿಗೆ ಬರ್ತೀಯಾ?" ಎಂದ.