ನೀರಿನಲ್ಲೂ ಲವಂಗ

ಹೇಳಬಾರದೇನೋ, ಒಬ್ಬರು ಲೋಟಕ್ಕೆ ಮೂಗಿಟ್ಟು ಕಣ್ಣು ಮುಚ್ಚಿರುವಾಗ ಅವರ ತಲೆಯೊಳಗೆ ಇಣುಕುವುದು ಮರ್ಯಾದೆಯಲ್ಲ, ಸರಿಯಾಗಿ ಹೇಳಲು ಬಂದೀತೆಂಬ ಧೈರ್ಯವೂ ಇಲ್ಲ, ಕ್ಷಮಿಸಬೇಕು — ಆದರೆ ಲವಂಗ, ಹೌದು, ಲವಂಗವೇ, ಅವಳ ಮೂಗಿನ ತುದಿಗೆ ಬಂದು ಹೋಯಿತು, ಮತ್ತೆ ಬಂತು. ಮಸುಕು ಹಳದಿಯ ಬಿಯರು, ಮೇಲೆ ಬಿಳಿ ನೊರೆ, ಫ್ರಿಜ್ಜಿನಿಂದ ಆಗಷ್ಟೇ ಬಂದದ್ದು, ತೀರಾ ತಣ್ಣಗಿದ್ದರೆ ವಾಸನೆ ಬಾಯಿ ಬಿಡುವುದಿಲ್ಲ ಎಂದು ಎರಡೂ ಅಂಗೈಯಲ್ಲಿ ಲೋಟ ಹಿಡಿದು ಬೆಚ್ಚಗೆ ಮಾಡುತ್ತಿದ್ದಾಳೆ, ಹಕ್ಕಿಮರಿ ಹಿಡಿದ ಹಾಗೆ ಹಿಡೀರಿ ಎನ್ನುತ್ತಿದ್ದರು ಸಂಜೆ ಕ್ಲಾಸಿನ ಮೇಷ್ಟ್ರು, ಬಿಯರ್ ಕುಡಿಯೋಕೂ ಕ್ಲಾಸಾ, ನಿಮ್ಮಪ್ಪ ಯಾವ ಕ್ಲಾಸಿಗೆ ಹೋಗಿದ್ದ ಹೇಳೇ, ಎಂದು ಅಮ್ಮ ಮಂಚದ ಮೇಲೆ ಮಲಗಿಕೊಂಡೇ ನಕ್ಕಿದ್ದಳು, ಕುಡಿಯೋಕಲ್ಲಮ್ಮ, ಮೂಸೋಕೆ, ಎಂದರೆ ಇನ್ನೂ ಜೋರಾಗಿ ನಕ್ಕು ಕೆಮ್ಮಿದ್ದಳು. ಈಗ ಬಿಯರು, ಅಮ್ಮನಲ್ಲ, ಗಮನ ಇಲ್ಲಿರಲಿ, ಸ್ಪರ್ಧೆ ಇದು, ಅಂಕ ಕೊಡಬೇಕು. ಇದು ಅಮೆರಿಕನ್ ಮಾದರಿಯ ಹಗುರ ಗೋಧಿ ಬಿಯರು, ಬೇರೆ ಕೆಲವು ಗೋಧಿ ಬಿಯರುಗಳಲ್ಲಿ ಯೀಸ್ಟು ಬಾಳೆಹಣ್ಣು, ಲವಂಗದ ವಾಸನೆ ಹುಟ್ಟಿಸಿದರೆ ಭೇಷ್ ಎನ್ನುತ್ತಾರೆ, ಈ ವರ್ಗದಲ್ಲಿ ಅದೇ ದೋಷ, ಇಲ್ಲಿ ಶುಚಿಯೇ ಗುಣ, ಹಸಿ ಹಿಟ್ಟು, ಬ್ರೆಡ್ಡು, ಒಂಚೂರು ನಿಂಬೆಸಿಪ್ಪೆ, ಅಷ್ಟೇ, ಹಗಲೆಲ್ಲ ಗಿರಣಿಯಲ್ಲಿ ಗೋಧಿಹಿಟ್ಟು ಪರೀಕ್ಷೆ ಮಾಡುವವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ — ಲವಂಗ, ಎಂದುಬಿಟ್ಟಳು, ಬಾಯಿ ಬಿಟ್ಟು, ಎಲ್ಲರಿಗೂ ಕೇಳುವಂತೆ. ರುಚಿ ನೋಡುವಾಗ ಮಾತಾಡಬಾರದು. ಒಬ್ಬರ ಮಾತು ಇನ್ನೊಬ್ಬರ ಮೂಗಿಗೆ ಹತ್ತುತ್ತದೆ.

ಪಕ್ಕದ ಗಡ್ಡದ ತೀರ್ಪುಗಾರ ತಕ್ಷಣ ಲೋಟ ಎತ್ತಿದ, ಮೂಸಿದ, ಹೌದಲ್ವಾ ಮೇಡಂ, ನಾನು ಏನೋ ಅಂದ್ಕೊಂಡೆ, ಲವಂಗಾನೇ, ಎಂದು ಬರೆದುಕೊಂಡ, ಅಂಕ ಕಡಿಮೆ ಮಾಡಿದ, ಮೇಜಿನ ಹಿರಿಯರು ಕನ್ನಡಕದ ಮೇಲಿಂದ ನೋಡಿ ಮೇಡಂ, ಮಾತು ಆಮೇಲೆ, ಎಂದರು, ಮೆತ್ತಗೆ, ಮೊದಲ ಸಲ ಬಂದವಳೆಂದು ಮೆತ್ತಗೆ, ಅವಳ ಕಿವಿ ಬಿಸಿಯಾಯಿತು. ಈ ಮೇಜಿನಿಂದ ಮುಂದಿನ ಸುತ್ತಿಗೆ ಹೋಗುವುದು ಒಂದೇ ಬಿಯರು, ಇದು ಹೋಗುವುದಿಲ್ಲ ಈಗ, ಯಾರೋ ಎಲ್ಲೋ ಹಂಡೆ ತಿಕ್ಕಿ ತಿಕ್ಕಿ ಕಾಯಿಸಿ ಆರಿಸಿ ಕಾದು ಕಳಿಸಿದ್ದು, ಮೋರಿಗೆ. ಇರಲಿ, ದೋಷ ದೋಷವೇ, ನೀನು ಸುಳ್ಳು ಹೇಳಲಿಲ್ಲವಲ್ಲ. ಬಾಯಿ ತೊಳೆದುಕೊಳ್ಳಲು ನೀರು ತೆಗೆದುಕೊಂಡಳು, ನೀರೂ ಫ್ರಿಜ್ಜಿನದೇ, ಅಭ್ಯಾಸಬಲದಿಂದ ಅದನ್ನೂ ಎರಡು ಕೈಯಲ್ಲಿ ಹಿಡಿದು ತುಟಿಗೆ ತಂದಳು — ಲವಂಗ. ನೀರಿನಲ್ಲಿ. ಬರೀ ನೀರಿನಲ್ಲಿ.

ಮಣಿಕಟ್ಟು. ಅಮ್ಮನ ವಾಚು. ಅಯ್ಯೋ ದೇವರೇ, ಸೆಂಟು ಬೇಡ ಎಂದಿದ್ದರು, ಹಾಕಿಲ್ಲ, ಸೋಪೂ ವಾಸನೆಯಿಲ್ಲದ್ದು, ತಲೆಗೆ ಎಣ್ಣೆ ಕೂಡ ಇಲ್ಲ, ಎಲ್ಲಾ ಸರಿಯಾಗಿ ಮಾಡಿ ಹೊರಡುವ ಹೊತ್ತಿಗೆ ಒಬ್ಬಳೇ ಹೋಗಬೇಕಲ್ಲ ಎಂದು ಕಾಲು ತಡೆದು, ಒಳಗೆ ಹೋಗಿ ಡಬ್ಬಿ ತೆಗೆದು, ಅಮ್ಮ ಹೋದಮೇಲೆ ಮೊದಲ ಸಲ ಕಟ್ಟಿಕೊಂಡದ್ದು. ಅಮ್ಮನ ಕೀಲುನೋವಿಗೆ ಲವಂಗದ ಎಣ್ಣೆ, ದಿನಾ ರಾತ್ರಿ ತಿಕ್ಕಿದ್ದು ಇದೇ ಕೈ, ವಾಚು ಬಿಚ್ಚಮ್ಮ, ಬೇಡ ಬಿಡೇ, ಬಿಚ್ಚಿದ್ರೆ ಟೈಮೆಷ್ಟೂಂತ ನಿನ್ನ ಕೇಳ್ಬೇಕು, ಚರ್ಮದ ಪಟ್ಟಿ ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿ, ಡಬ್ಬಿಯೊಳಗೂ ಚಪ್ಪಟೆಯಾಗದೆ, ಕೈ ಇಲ್ಲದಿದ್ದರೂ ಕೈಯ ಆಕಾರಕ್ಕೇ ಬಾಗಿ ಕೂತಿರುತ್ತದೆ. ಬಸ್ಸಿನಲ್ಲಿ ಸ್ವಲ್ಪ ಹೊತ್ತು ಬಂತು ವಾಸನೆ, ಆಮೇಲೆ ಮೂಗು ಮರೆಯಿತು, ತನ್ನದೇ ಮನೆಯ ವಾಸನೆ ತನಗೆ ತಿಳಿಯದು, ಅದನ್ನೂ ಮೇಷ್ಟ್ರು ಹೇಳಿದ್ದರು, ಮತ್ತೆ ಕೈ ಮುಖದ ಹತ್ತಿರ ಬಂದಾಗ, ಅಂಗೈ ಬೆಚ್ಚಗಾದಾಗ —

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಮುಂದಿನ ವರ್ಷ ಕರೆಯುವುದಿಲ್ಲ, ಕರೆಯದಿದ್ದರೆ ಭಾನುವಾರಗಳು, ಆ ಅಡುಗೆಮನೆ, ಕವುಚಿಟ್ಟ ಒಂದೇ ಲೋಟ, ಇವತ್ತು ಏನೇನು ಮೂಸಿದ್ಯೇ ಎಂದು ಕೇಳುವವರಿಲ್ಲದ ಸಂಜೆ. ಹಂಡೆ ತಿಕ್ಕಿದವನ ಸಂಜೆಯೂ ಹೇಗಿದೆಯೋ. ಸಾರ್, ಎಂದಳು, ದನಿ ಸಣ್ಣಗೆ ಬಂತು, ಸಾರ್, ಆ ಲವಂಗ ಬಿಯರಿಂದಲ್ಲ, ನಂದು. ನಿಮ್ದಾ? ವಾಚಿನ ಪಟ್ಟೀದು ಸಾರ್. ಗಡ್ಡದವನು ಒಪ್ಪಲಿಲ್ಲ, ಏ, ಇಲ್ಲ ಮೇಡಂ, ನನಗೂ ಬಂತಲ್ಲ, ಗಂಟಲಲ್ಲಿ ಇನ್ನೂ ಇದೆ, ನನ್ನ ಮೂಗೇನು ಬಾಡಿಗೇದಾ, ಹಿರಿಯರು ಎದ್ದು ಬಂದು ಎಲ್ಲಿ, ಕೈ ಕೊಡಿ, ಎಂದರು, ಬಗ್ಗಿದರು, ಮೂಸಿದರು, ಇಷ್ಟು ದಿನದಲ್ಲಿ ಅವಳ ಕೈ ಹಿಡಿದ ಮೊದಲ ಮನುಷ್ಯರು, ಅಬ್ಬಾ, ಅಂಗಡೀನೇ ಕಟ್ಕೊಂಡು ಬಂದಿದ್ದೀರಲ್ಲ, ಯಾರದಮ್ಮ ಇದು? ನಮ್ಮಮ್ಮಂದು. ಅವರಿಗೂ ಕೀಲುನೋವಾ, ನಮ್ಮ ಮನೇಲೂ ಇದೇ ಗೋಳು, ಈಗ ಹೇಗಿದ್ದಾರೆ? ಅವಳು ಪರವಾಗಿಲ್ಲ ಎಂದಳು. ಯಾಕೆ ಹಾಗೆಂದಳೋ. ಬಿಚ್ಚಿ ಆ ಕಿಟಕೀಲಿಡಿ, ಇನ್ನೊಂದು ಸಲ ಸುರಿಸೋಣ, ಎಲ್ಲರೂ ಮೊದಲಿಂದ ನೋಡೋಣ, ಇದರಲ್ಲಿ ತಪ್ಪೇನಿಲ್ಲ.

ಬಿಚ್ಚಿದಳು. ಹೊಸ ಲೋಟ ಬಂತು, ಕೈ ತೊಳೆದು ಬಂದು ಲೋಟದ ಅಡಿಯ ಸಪೂರ ಕಾಲನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದಳು, ನಾದಿದ ಹಿಟ್ಟು, ಬ್ರೆಡ್ಡಿನ ಮೆತ್ತನೆಯ ನಡುಭಾಗ, ದೂರದಲ್ಲೆಲ್ಲೋ ನಿಂಬೆ, ನಾಲಗೆಯ ಮೇಲೆ ಹಗುರ, ನುಂಗಿದರೆ ಏನೂ ಉಳಿಯದು, ಶುಚಿ, ಒಳ್ಳೆಯ ಬಿಯರು, ಯಾರೋ ತುಂಬಾ ಜೋಪಾನವಾಗಿ ಮಾಡಿದ್ದು, ಎಂದು ಬರೆದಳು, ಬರೆದು ಅನುಮಾನ, ಲವಂಗ ಇಲ್ಲವೋ, ಅಥವಾ ಇದ್ದೂ ಅವಳ ಮೂಗು ದಣಿದಿದೆಯೋ, ಗಡ್ಡದವನು ಮೂಸಿ ಈಗ ಇಲ್ಲ ಎಂದ, ಮತ್ತೆ ಮೂಸಿ ಸ್ವಲ್ಪ ಇದೆ ಅನ್ಸತ್ತಪ್ಪ ಎಂದ, ಹಿರಿಯರು ಅಂಕ ಬರೆದು ಹಾಳೆ ಮಗುಚಿಟ್ಟರು. ಆ ಬಿಯರಿನಲ್ಲಿ ನಿಜಕ್ಕೂ ಲವಂಗ ಇತ್ತೋ ಇಲ್ಲವೋ ಅವಳಿಗೆ ಗೊತ್ತಿಲ್ಲ, ಯಾರು ಮಾಡಿದ್ದೋ ಗೊತ್ತಿಲ್ಲ, ಮುಂದಿನ ಸುತ್ತಿಗೆ ಹೋಯಿತೋ ಅದೂ. ಅವಳು ನೋಡುತ್ತಿರುವುದು ಕಿಟಕಿಯನ್ನು, ಯಾರೋ ಸೆಕೆಯೆಂದು ಅದರ ಬಾಗಿಲು ಪೂರ್ತಿ ತೆಗೆದಿದ್ದಾರೆ, ಗಾಳಿ ಬೀಸುತ್ತಿದೆ, ಮೂಸಿದಷ್ಟೂ ಖರ್ಚಾಗುತ್ತದೆ ಎಂದು ಡಬ್ಬಿಯನ್ನೇ ತೆಗೆಯದೆ ಇಟ್ಟುಕೊಂಡಿದ್ದ ವಾಸನೆ, ಗಾಳಿಗೆ, ಹೊರಗಿನ ರಸ್ತೆಗೆ, ಸ್ವಲ್ಪ ಸ್ವಲ್ಪವೇ, ಮೇಡಂ, ಮುಂದಿನದು ಸುರೀಲಾ, ಸುರೀರಿ, ಮತ್ತೆ ಅಲ್ಲಿ ಕಿಟಕಿಯಲ್ಲಿ ಆ ಕಪ್ಪು ಪಟ್ಟಿ, ಕೈ ಇಲ್ಲದೆ, ಕೈಯ ಆಕಾರಕ್ಕೇ ಬಾಗಿ ಕೂತಿದೆ.